ಮುತ್ತಜ್ಜಿಯ ತವರೂರು

(ಬಾನುಲಿ ಭಾಷಣ)



ನಿಮ್ಮ ತಂದೆಯ ತಂದೆಯ ಹೆಸರು ನಿಮಗೆ ಗೊತ್ತಿರುತ್ತದೆ. ಅವರ ತಂದೆಯ ಹೆಸರೂ ಗೊತ್ತಿರಬಹುದು. ಜಮೀನಿರುವ ಮನೆಯಾದರೆ ಇನ್ನೂ ಒಂದೆರಡು ತಲೆ ಹಿಂದಕ್ಕೆ ಹೋಗಬಹುದು. ಈಗ ತಾಯಿಯ ಕಡೆಗೆ ಬನ್ನಿ. ತಾಯಿಯ ತಾಯಿ ಗೊತ್ತು. ಆಕೆಯ ತಾಯಿ ಯಾರು? ಯಾವ ಊರಿನ ಹೆಣ್ಣು? ಹೆಚ್ಚಿನವರು ಇಲ್ಲಿಗೆ ನಿಂತುಬಿಡುತ್ತಾರೆ. ನಾನೂ ಬಹಳ ಕಾಲ ಇಲ್ಲೇ ನಿಂತಿದ್ದೆ.

ನಾನು ತಿಪಟೂರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಬಿಡುವು ಸಿಕ್ಕಾಗ ನಮ್ಮ ಮನೆತನದ ಚರಿತ್ರೆ ಹುಡುಕುವುದು ನನ್ನ ಹವ್ಯಾಸ. ಇದರಿಂದ ಯಾವ ಆಸ್ತಿಯೂ ಬರಬೇಕಾಗಿಲ್ಲ. ಕೋರ್ಟಿನಲ್ಲಿ ಯಾವ ವ್ಯಾಜ್ಯವೂ ಇಲ್ಲ. ನಮ್ಮವರು ಯಾರು, ಎಲ್ಲಿಂದ ಬಂದರು, ಹೇಗೆ ಬಾಳಿದರು ಎಂದು ತಿಳಿಯುವ ಆಸೆ, ಅಷ್ಟೇ. ಸಂಕ್ರಾಂತಿ ಕಳೆದ ಮೇಲಿನ ಒಂದು ವಾರದಲ್ಲಿ ನಡೆದ ಹುಡುಕಾಟವನ್ನು ಇವತ್ತು ನಿಮಗೆ ಹೇಳುತ್ತೇನೆ. ಹುಡುಕಿದ್ದು ಒಬ್ಬಳೇ ಹೆಣ್ಣುಮಗಳನ್ನು. ನನ್ನ ತಾಯಿಯ ತಾಯಿಯ ತಾಯಿಯನ್ನು.

ಶುರುವಾದದ್ದು ಭಾನುವಾರ ಬೆಳಿಗ್ಗೆ. ನಮ್ಮಮ್ಮನಿಗೆ ಎಪ್ಪತ್ತೈದು ದಾಟಿದೆ. ಮಂಡಿನೋವು. ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡುವ ಹೊತ್ತೇ ನಮ್ಮಿಬ್ಬರ ಮಾತಿನ ಹೊತ್ತು. ನೋಟ್‌ಬುಕ್ಕು ಪಕ್ಕದಲ್ಲೇ ಇರುತ್ತದೆ.

"ನಿಮ್ಮಜ್ಜಿ ಹೆಸರೇನಮ್ಮ?" ಎಂದು ಕೇಳಿದೆ.

"ಹೊಸಹಳ್ಳಿ ಅಜ್ಜಿ ಅಂತಿದ್ವಿ."

"ಅದು ಊರ ಹೆಸರಲ್ವಾ?"

"ಎಲ್ರೂ ಹಂಗೇ ಕರೀತಿದ್ರು ಕಣೆ. ಸೊಸೇನ ಹೆಸರು ಹಿಡಿದು ಯಾರು ಕರೀತಿದ್ರು ಆವಾಗ?"

ಈ ರೂಢಿ ನಮ್ಮ ಕಡೆಯ ಹಳ್ಳಿಗಳಲ್ಲಿ ಈಗಲೂ ಅಲ್ಲಲ್ಲಿ ಉಂಟು. ಮದುವೆಯಾಗಿ ಬಂದ ಹೆಣ್ಣಿಗೆ ತವರೂರೇ ಹೆಸರಾಗುತ್ತದೆ. ಮಕ್ಕಳಾದ ಮೇಲೆ ಇಂಥವನ ಅವ್ವ. ಹೆಸರಿಲ್ಲದೆಯೇ ಒಂದು ಆಯುಷ್ಯ ಕಳೆದುಹೋಗುತ್ತದೆ. ಇದು ನಮ್ಮೊಬ್ಬರ ಕತೆಯೂ ಅಲ್ಲ. 1951ರ ಕೊನೆಯಿಂದ 1952ರವರೆಗೆ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಮತದಾರರು 17 ಕೋಟಿಯಷ್ಟು. ಆಗ ಉತ್ತರದ ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕು ಎಂದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನರದು ಕಠಿಣ ನಿರ್ಧಾರ. ಆದರೆ ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಅಲ್ಲಿಂದ ಮುಂದಿನ ಪಟ್ಟಿಗಳಲ್ಲಿ ಹೆಂಗಸರ ಹೆಸರು ಬಂತು.

ಅಮ್ಮ ಇನ್ನೊಂದು ಮಾತು ಹೇಳಿದರು. "ನಮ್ಮ ತಾತ ಜ್ವರದ ವರ್ಷ ಹೋದ್ರಂತೆ. ಅವ್ವ ಆಗ ಕೈಗೂಸು." ಇದು ಬಹಳ ದೊಡ್ಡ ಸುಳಿವು. ಹಳ್ಳಿಯ ಹಿರಿಯರು ಇಸವಿ ಹೇಳುವುದಿಲ್ಲ. ಘಟನೆ ಹೇಳುತ್ತಾರೆ. ಅದನ್ನು ಇಸವಿಗೆ ತಿರುಗಿಸಿಕೊಳ್ಳುವುದು ನಮ್ಮ ಕೆಲಸ. ಧಾತು ಈಶ್ವರದ ಬರ ಎಂದರೆ 1876ರಿಂದ 78. ಆ ಬರಕ್ಕೆ ಮೊದಲು ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ. ಬರ ಕಳೆದ ಮೇಲೆ 1881ರ ಗಣತಿಯಲ್ಲಿ 42 ಲಕ್ಷ. ನಮ್ಮ ಎಷ್ಟೋ ಮನೆತನಗಳ ನೆನಪು ಅಲ್ಲಿಗೇ ಕತ್ತರಿಸಿಹೋಗಿದೆ. ಪ್ಲೇಗಿನ ವರ್ಷ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು ಎಂದರೆ 1898 ಅಥವಾ ಅದರ ನಂತರದ ವರ್ಷಗಳು. ನಾಲ್ವಡಿ ಮಹಾರಾಜರು ತೀರಿಕೊಂಡ ವರ್ಷ 1940. ಇನ್ನು ಜ್ವರದ ವರ್ಷ ಎಂದರೆ 1918ರ ಇನ್‌ಫ್ಲುಯೆಂಜಾ. ಇಡೀ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಅವರಲ್ಲಿ ಒಬ್ಬರು ನನ್ನ ಮುತ್ತಜ್ಜ.

ಹಾಗಾದರೆ ಭಾನುವಾರದ ಗಳಿಕೆ ಇಷ್ಟು. ಹೆಸರು ಸಿಗಲಿಲ್ಲ. ತವರು ಹೊಸಹಳ್ಳಿ. ವಿಧವೆಯಾದ ವರ್ಷ 1918. ಮಡಿಲಲ್ಲಿ ಕೂಸು. ಆದರೆ ಹೊಸಹಳ್ಳಿ ಎಂಬ ಊರು ನಮ್ಮ ಸೀಮೆಯಲ್ಲಿ ತಾಲ್ಲೂಕಿಗೆ ಒಂದೆರಡಾದರೂ ಇವೆ. ಯಾವ ಹೊಸಹಳ್ಳಿ?

ಸೋಮವಾರ ಶಾಲೆ. ಎಂಟನೇ ತರಗತಿಗೆ ಶಾಸನಗಳ ಪಾಠವಿತ್ತು. ಬೆಳತೂರಿನ ದೇಕಬ್ಬೆಯ ಶಾಸನದ ವಿಷಯ ಹೇಳಿದೆ. ಹೆಗ್ಗಡದೇವನಕೋಟೆ ಸೀಮೆಯ ಕಲ್ಲು ಅದು. ಕಾಲ 1057. ದೇಕಬ್ಬೆಯ ಹೆಸರು ಅದರಲ್ಲಿದೆ. ಅವಳ ತಂದೆ ರವಿಗ ಎಂದಿದೆ. ತವರು ನುಗುನಾಡು ಎಂದಿದೆ. ಸಾವಿರ ವರ್ಷದ ಹಿಂದಿನ ಹೆಣ್ಣುಮಗಳ ತವರು ನಮಗೆ ಗೊತ್ತು. ಆದರೆ ಅವಳು ಗಂಡನ ಸಾವಿಗಾಗಿ ಬೆಂಕಿಗೆ ಬಿದ್ದಳು. ಅದಕ್ಕಾಗಿ ಕಲ್ಲು ನಿಲ್ಲಿಸಿದರು. ಬದುಕಿ ಉಳಿದು, ಹೊಲ ಉತ್ತು, ಮಕ್ಕಳನ್ನು ಸಾಕಿದ ವಿಧವೆಯರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಈ ಮಾತನ್ನು ಹೇಳುವಾಗ ತರಗತಿಯಲ್ಲಿ ನನ್ನ ದನಿ ಏರಿತು. ಮಕ್ಕಳು ಸುಮ್ಮನೆ ಕೇಳಿದರು.

ಆ ದಿನ ಸಂಜೆ ಶಾಲೆಯ ಹಳೆಯ ದಾಖಲಾತಿ ವಹಿಗಳನ್ನು ಬಿಚ್ಚಿ ನೋಡಿದೆ. ಹುಟ್ಟಿದ ತಾರೀಖು ಎಂಬಲ್ಲಿ ಪುಟ ಪುಟಕ್ಕೂ ಜೂನ್ 1. ಸೇರಿಸುವ ಮೇಷ್ಟರಿಗೆ ವಯಸ್ಸು ಕೂಡಿಬರಬೇಕಿತ್ತಲ್ಲ! ಹವ್ಯಾಸಕ್ಕಾಗಿ ಹುಡುಕುವವರು ಆ ತಾರೀಖನ್ನು ನಂಬಬಾರದು. ತಂದೆ ಅಥವಾ ಪೋಷಕರ ಹೆಸರಿದೆ. ತಾಯಿಯ ಹೆಸರಿಗೆ ಆಗ ಕಾಲಂ ಇರಲಿಲ್ಲ. ಈಗ ಮಗುವನ್ನು ಸೇರಿಸುವಾಗ ತಾಯಿಯ ಹೆಸರನ್ನೂ ಬರೆಯುತ್ತೇವೆ. ಮುಂದಿನವರಿಗೆ ಇದು ದೊಡ್ಡ ಉಪಕಾರ.

ಗಣತಿಯ ಕಾಗದದಲ್ಲಿ ಸಿಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬ್ರಿಟನ್ನಿನಲ್ಲಿ ಸಿಗುತ್ತದೆ. ಅಲ್ಲಿ ಗಣತಿಯ ಮನೆಪಟ್ಟಿಗಳನ್ನು ಇಟ್ಟುಕೊಂಡು, ನೂರು ವರ್ಷದ ಮೇಲೆ ಜನರಿಗೆ ತೆರೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹಳೆಯ ಗಣತಿಗಳಿಂದ ನಮಗೆ ಉಳಿದಿರುವುದು ಅಂಕಿಗಳು. ಹೆಸರುಗಳಲ್ಲ.

ಮಂಗಳವಾರ ಹುಡುಕಾಟಕ್ಕೆ ಬಿಡುವಿರಲಿಲ್ಲ. ಉತ್ತರಪತ್ರಿಕೆ ತಿದ್ದುವುದಿತ್ತು. ಅಮ್ಮನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವುದಿತ್ತು. ತೋಟದಿಂದ ತಮ್ಮ ಕಳಿಸಿದ ಕಾಯಿಯನ್ನು ಅಟ್ಟಕ್ಕೆ ಏರಿಸುವುದಿತ್ತು. ತಿಪಟೂರಿನ ಮನೆಗಳಲ್ಲಿ ಕೊಬ್ಬರಿಯ ಕೆಲಸ ಯಾವತ್ತೂ ಮುಗಿಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮನೆಯ ನೆನಪು, ಶಾಲೆಯ ವಹಿ. ಎರಡರಲ್ಲೂ ಮುತ್ತಜ್ಜಿಯ ಹೆಸರಿಲ್ಲ. ಈಗ ಜಮೀನಿನ ಕಾಗದಕ್ಕೆ ಬರೋಣ.

ಬುಧವಾರ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಪಹಣಿ ತೆಗೆದೆ. ನಿಮಗೆ ಗೊತ್ತು, 2000ದ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಪಹಣಿಯ ಒಂಬತ್ತನೇ ಕಾಲಂ ಖಾತೆದಾರರ ಹೆಸರಿನದು. ಮುತ್ತಜ್ಜಿಯ ಗಂಡನ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಅಲ್ಲಿನ ಸರ್ವೆ ನಂಬರು ಅಮ್ಮನ ಸೋದರಮಾವನ ಮನೆಯವರಿಂದ ಸಿಕ್ಕಿತ್ತು. ತೆಗೆದು ನೋಡಿದರೆ ಒಂಬತ್ತನೇ ಕಾಲಂ ತುಂಬಾ ಗಂಡಸರು. ಇಂಥವರು ಬಿನ್ ಇಂಥವರು. ಇಂಥವರು ಬಿನ್ ಇಂಥವರು. ತಂದೆ, ಮಗ, ಮೊಮ್ಮಗ. ಹೆಣ್ಣಿನ ಹೆಸರು ಒಂದೂ ಇಲ್ಲ.

ಹಾಗಾದರೆ ಜಮೀನಿನ ಕಾಗದದಲ್ಲಿ ಹೆಂಗಸರು ಎಲ್ಲಿ ಸಿಗುತ್ತಾರೆ? ನನ್ನ ಅನುಭವ ಹೇಳುತ್ತೇನೆ. ಅವರು ಸಿಗುವುದು ಮನೆಗೆ ಕಷ್ಟ ಬಂದ ಕಡೆ. ಗಂಡ ಸತ್ತಾಗ. ಮಕ್ಕಳು ಮೈನರ್ ಆಗಿದ್ದಾಗ. ಸಾಲ ಎತ್ತಿದಾಗ. ಪಾಲು ಬಿದ್ದಾಗ. ಮನೆ ನೆಟ್ಟಗೆ ನಡೆಯುತ್ತಿರುವಷ್ಟು ಕಾಲ ಕಾಗದಕ್ಕೆ ಹೆಂಗಸಿನ ಹೆಸರು ಬೇಕಿರಲಿಲ್ಲ.

ಗುರುವಾರ ತಮ್ಮನ ಫೋನ್ ಬಂತು. "ಅಕ್ಕ, ಹೆಳವರು ಬಂದವ್ರೆ. ಬರ್ತೀಯಾ?" ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದೆ.

ಹೆಳವರ ವಿಷಯ ಪಟ್ಟಣದ ಕೇಳುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಕ್ಕಲು ಮನೆಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದ ಅಲೆಮಾರಿ ಸಮುದಾಯ ಇದು. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಅವರ ಬರವು. ಒಂದೊಂದು ಹೆಳವರ ಮನೆಗೂ ಇಂತಿಂಥ ಊರು, ಇಂತಿಂಥ ಒಕ್ಕಲು ಎಂಬ ಹಂಚಿಕೆ ಉಂಟು. ಬಾಗಿಲಲ್ಲಿ ಕುಳಿತು ಆ ಮನೆಯ ಮೂಲಪುರುಷನಿಂದ ಹಿಡಿದು ಇವತ್ತಿನ ಮಗುವಿನವರೆಗೆ ಹೇಳುತ್ತಾರೆ. ಮನೆಯವರು ಕಾಳು ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಹಣ ಕೊಡುತ್ತಾರೆ. ಬಹುಕಾಲ ಎಲ್ಲವೂ ಬಾಯಲ್ಲೇ ಇತ್ತು. ಆಮೇಲೆ ತಾಮ್ರಪಟಕ್ಕೆ, ಪುಸ್ತಕಕ್ಕೆ ಬಂತು. ಶಾಲೆಯ ಮೆಟ್ಟಿಲು ಹತ್ತದ ಜನ ನಮ್ಮ ನಾಡಿನ ಸಾವಿರಾರು ಮನೆಗಳ ಚರಿತ್ರೆಯನ್ನು ತಲೆಯಲ್ಲಿ ಹೊತ್ತು ತಿರುಗಿದರು. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂದೇ ನನ್ನ ನಂಬಿಕೆ.

ನಾನು ಹೋಗುವ ಹೊತ್ತಿಗೆ ಜಗಲಿಯ ಮೇಲೆ ಜನ ಸೇರಿದ್ದರು. ಹಿರಿಯ ಹೆಳವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ರಾಗವೂ ಅಲ್ಲ, ಮಾತೂ ಅಲ್ಲ, ಎರಡರ ನಡುವಿನ ಒಂದು ಓಟ. ನಮ್ಮ ತಂದೆಯ ಕಡೆಯವರು ಮೊದಲು ಎಲ್ಲಿದ್ದರು, ಯಾವ ಕೆರೆ ಒಡೆದು ಊರು ಬಿಟ್ಟರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು. ಒಂದೊಂದು ಹೆಸರಿಗೂ ಜಗಲಿಯಲ್ಲಿದ್ದ ಹಿರಿಯರು ಹೂಂಗುಟ್ಟುತ್ತಿದ್ದರು.

ಮುಗಿದ ಮೇಲೆ ಕೇಳಿದೆ. "ಯಜಮಾನರೇ, ಇವರ ಹೆಂಡತಿಯರ ಹೆಸರು?"

ಅವರು ಪುಸ್ತಕ ತಿರುವಿದರು. ಕೆಲವೇ ಕಡೆ ಹೆಸರಿತ್ತು. ಎಲ್ಲಿ ಗೊತ್ತೇ? ಒಬ್ಬ ಗಂಡಸಿಗೆ ಇಬ್ಬರು ಹೆಂಡಿರಿದ್ದ ಕಡೆ. ಹಿರಿಯಳ ಮಕ್ಕಳು ಇವರು, ಕಿರಿಯಳ ಮಕ್ಕಳು ಇವರು ಎಂದು ಕವಲು ಬಿಡಿಸುವುದಕ್ಕೆ ತಾಯಂದಿರ ಹೆಸರು ಬೇಕಾಗಿತ್ತು. ನಾನು ಪಹಣಿಯ ವಿಷಯದಲ್ಲಿ ಹೇಳಿದ ಮಾತೇ ಇಲ್ಲಿಯೂ ನಿಜವಾಯಿತು.

"ನಮ್ಮಮ್ಮನ ಹೆಸರು ಬರ್ಕೊಳ್ತೀರಾ?" ಎಂದೆ. ಅವರು ನನ್ನ ಮುಖ ನೋಡಿದರು. "ಹೇಳಿ ತಾಯಿ, ಬರ್ಕೊಳ್ದೆ ಏನು? ಕೇಳೋರು ಇರ್ಲಿಲ್ಲ, ನಾವು ಬರೀಲಿಲ್ಲ" ಎಂದರು. ಅಮ್ಮನ ಹೆಸರು, ತವರೂರು ಬರೆದರು. ನನ್ನ ಹೆಸರು ಬರೆದರು. ತಮ್ಮನ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆದರು. ಚಿಕ್ಕವಳು ಪುಸ್ತಕದೊಳಗೆ ಇಣುಕಿ ತನ್ನ ಹೆಸರನ್ನು ಎರಡೆರಡು ಸಲ ಓದಿಕೊಂಡಳು. ಆ ವಾರದ ನನ್ನ ದೊಡ್ಡ ಸಂತೋಷ ಅದು.

ಕೇಳುಗರೇ, ಈಗ ಎಲ್ಲಿದ್ದೇವೆ ನೋಡಿ. ನೆನಪಿನಲ್ಲಿ ಊರಿದೆ, ಹೆಸರಿಲ್ಲ. ಪಹಣಿಯಲ್ಲಿ ಗಂಡಸರಿದ್ದಾರೆ. ಹೆಳವರ ಪುಸ್ತಕದಲ್ಲಿ ಹೆಂಗಸರು ಅಪರೂಪ. ಉಳಿದದ್ದು ನೋಂದಣಿ ಕಚೇರಿ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆ. ಒಂದು ವಿಷಯ ನಿಮಗೆಲ್ಲ ಉಪಯೋಗಕ್ಕೆ ಬರಲಿ ಎಂದು ಹೇಳುತ್ತೇನೆ. ನೋಂದಣಿ ಕಾಯ್ದೆ 1908ರದು. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವುದು 1ನೇ ಪುಸ್ತಕದಲ್ಲಿ. ಶುಲ್ಕ ಕಟ್ಟಿದರೆ ಆ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು. ನಕಲು ಕೇಳಬಹುದು. ವಾರಸುದಾರರೇ ಆಗಬೇಕೆಂದಿಲ್ಲ. ಆದರೆ ಹುಡುಕಲು ಇಸವಿ ಬೇಕು. ಅಮ್ಮ ಹೇಳಿದ ಜ್ವರದ ವರ್ಷ ಇಲ್ಲಿ ಕೈಹಿಡಿಯಿತು. 1918ರಿಂದ ಮುಂದಿನ ಕೆಲವು ವರ್ಷಗಳ ಇಂಡೆಕ್ಸ್ ಕೇಳಿದೆ. ಹಾಳೆ ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಅಲ್ಲಿನ ಗುಮಾಸ್ತರು ತಾವೇ ಬಹಳ ಜೋಪಾನವಾಗಿ ಪುಟ ತಿರುವಿದರು.

1920ರ ಸುಮಾರಿನ ಒಂದು ಭೋಗ್ಯಪತ್ರ ಸಿಕ್ಕಿತು. ಒಕ್ಕಣೆ ಹೀಗಿತ್ತು. ಗಂಡುಮಕ್ಕಳಿಬ್ಬರ ಹೆಸರು, ಮೈನರ್. ಅವರ ಪರವಾಗಿ ಗಾರ್ಡಿಯನ್ ತಾಯಿ. ಆಮೇಲೆ ಆಕೆಯ ಹೆಸರು. ಪೂರ್ತಿ ಹೆಸರು. ಇಂಥವಳು ಕೋಂ ಇಂಥವನು. ಒಂದು ಜೊತೆ ಎತ್ತಿಗಾಗಿ, ಬಿತ್ತನೆಯ ಬೀಜಕ್ಕಾಗಿ, ಮೈನರ್ ಮಕ್ಕಳ ಅನ್ನವಸ್ತ್ರಕ್ಕಾಗಿ ಸುಮಾರು 150 ರೂಪಾಯಿ ಪಡೆದಿದ್ದಾಳೆ. ಕೆರೆಯ ಹಿಂದಿನ ಗದ್ದೆಯನ್ನು ಭೋಗ್ಯಕ್ಕೆ ಹಾಕಿದ್ದಾಳೆ. ಚೆಕ್ಕುಬಂದಿ ಇದೆ. ಸಾಕ್ಷಿಗಳ ಹೆಸರಿದೆ. ಕೊನೆಯಲ್ಲಿ ಆಕೆಯ ಹೆಬ್ಬೆಟ್ಟಿನ ಗುರುತು ಎಂದಿದೆ.

ಆ ಹೆಸರನ್ನು ನಾನು ಇಲ್ಲಿ ಹೇಳುತ್ತಿಲ್ಲ. ಆಕೆಯ ತವರಿನವರನ್ನು ಇನ್ನೂ ಕಂಡಿಲ್ಲ. ಮೊದಲು ಅವರ ಮನೆಯಲ್ಲಿ ಹೇಳಬೇಕು, ಆಮೇಲೆ ಬಾನುಲಿಯಲ್ಲಿ. ಆದರೆ ಆ ಪುಟದ ಮುಂದೆ ಕುಳಿತು ಆ ಹೆಸರನ್ನು ಗಟ್ಟಿಯಾಗಿ ಓದಿದೆ. ಗುಮಾಸ್ತರು "ನಿಮ್ಮೋರಾ ಮೇಡಂ?" ಎಂದರು. ಹೌದು, ನಮ್ಮವರು ಎಂದೆ.

ಹೆಸರು ಸಿಕ್ಕಿತು. ಊರು ಮಾತ್ರ ಇನ್ನೂ ಖಚಿತವಾಗಿರಲಿಲ್ಲ. ಭೋಗ್ಯಪತ್ರದಲ್ಲಿ ಗಂಡನ ಊರಿದೆ, ತವರಿಲ್ಲ. ಅದಕ್ಕಾಗಿ ಮರುದಿನ, ಭಾನುವಾರ, ಆ ಹಳ್ಳಿಗೇ ಹೋದೆ. ಅಮ್ಮನ ಸೋದರಮಾವನ ಮಗಳು ಅಲ್ಲಿದ್ದಾರೆ. ನನಗೆ ಅತ್ತೆಯಾಗಬೇಕು. ಎಂಬತ್ತು ದಾಟಿದೆ. ಕಣ್ಣು ಮಂಜು, ನೆನಪು ಚುರುಕು. ಅವರೆಕಾಯಿಯ ಕಾಲ. ಮೊರದ ತುಂಬ ಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸಿದೆ. ಮುದುಕರನ್ನು ಮಾತಾಡಿಸುವುದಕ್ಕೆ ಕೈಗೆ ಕೆಲಸವಿರಬೇಕು. ಎದುರಿಗೆ ಪೆನ್ನು ಹಿಡಿದು ಕುಳಿತರೆ ಅವರಿಗೆ ಮಾತು ಹೊರಡುವುದಿಲ್ಲ. ಫೋನಿನಲ್ಲಿ ದನಿ ಹಿಡಿಯಲು ಅಪ್ಪಣೆ ಕೇಳಿದೆ. "ಹಿಡ್ಕೋ ಅವ್ವ, ಕದ್ದ ಮಾತೇನು" ಎಂದರು.

ಭೋಗ್ಯದ ವಿಷಯ ಎತ್ತಿದೆ. ಅತ್ತೆಗೆ ಎಲ್ಲ ಗೊತ್ತಿತ್ತು. "ಗದ್ದೆ ಬಿಡಿಸ್ಕೊಂಡ್ಲು ಕಣವ್ವ ನಮ್ಮಜ್ಜಿ. ಕಾಸಿನ ಸರ ಮಾರಿದ್ಲು. ಸಾಲ್ದು ಅಂತ ಅಣ್ಣದೀರು ಕೊಟ್ರು." ಅಣ್ಣಂದಿರು ಎಲ್ಲಿಯವರು? "ಹೊಸಹಳ್ಳಿಯೋರು. ಹುಳಿಯಾರು ಸಂತೇಗೆ ಬರೋರು. ಅಜ್ಜಿ ಸಂತೆ ದಿನ ಹೋಗಿ ಅಲ್ಲೇ ಕಂಡು ಬರೋಳು. ತವರಿಗೆ ಹೋಗಿ ಬರೋಕೆ ಹೊತ್ತೆಲ್ಲಿ, ಹೊಲ ನೋಡೋರು ಯಾರು?"

ಇದು ನನಗೆ ಬೇಕಾಗಿದ್ದ ಸುಳಿವು. ಆ ಕಾಲದಲ್ಲಿ ಹೆಣ್ಣು ಕೊಟ್ಟು ತರುತ್ತಿದ್ದುದು ಗಾಡಿ ಹೊತ್ತು ಮುಳುಗುವ ಮುಂಚೆ ತಲುಪುವಷ್ಟು ದೂರದಲ್ಲಿ. ಸಂತೆಯಲ್ಲೇ ಸಂಬಂಧದ ಮಾತು. ಸಂತೆಯಲ್ಲೇ ತವರಿನ ಸುದ್ದಿ. ಎರಡು ಕಡೆಯವರೂ ಬಂದು ಸೇರುತ್ತಿದ್ದ ಸಂತೆ ಯಾವುದು ಎಂದು ತಿಳಿದರೆ ತವರು ಹತ್ತಿರವಾದಂತೆ. ಹುಳಿಯಾರು ಸಂತೆಗೆ ನಡೆದು ಬರಬಲ್ಲ ಹೊಸಹಳ್ಳಿ ಯಾವುದು ಎಂದು ನೋಡಿದರೆ ಹೆಚ್ಚು ಊರು ಉಳಿಯುವುದಿಲ್ಲ. ಅಲ್ಲಿ ನಮ್ಮವರು ಹೆಣ್ಣು ತರಬಹುದಾದ ಮನೆದೇವರ ಒಕ್ಕಲು ಯಾರಿದ್ದಾರೆ ಎಂದು ಅತ್ತೆಯೇ ಬೆರಳು ಮಡಚಿ ಎಣಿಸಿದರು. ಒಂದು ಮನೆತನ ಉಳಿಯಿತು.

ಅತ್ತೆ ಒಳಗಿನಿಂದ ಒಂದು ಹಿತ್ತಾಳೆಯ ತಪ್ಪಲೆ ತರಿಸಿದರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು. ಹಿತ್ತಾಳೆ ತಿಕ್ಕಿ ತಿಕ್ಕಿ ಸವೆದಿದೆ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬೆರಳಾಡಿಸಿದರೆ ತಿಳಿಯುತ್ತದೆ. ಮದುವೆಗೆ ತವರಿನವರು ಕೊಟ್ಟದ್ದು. ಭೋಗ್ಯಪತ್ರದಲ್ಲಿ ಓದಿದ ಅದೇ ಹೆಸರು. ಪಕ್ಕದಲ್ಲಿ ಹೊಸ ಎಂಬ ಎರಡಕ್ಷರ. ಮುಂದಿನದು ಅಳಿಸಿದೆ.

ನನ್ನ ನೋಟ್‌ಬುಕ್ಕಿನಲ್ಲಿ ಕಾಗದದಲ್ಲಿ ಕಂಡದ್ದನ್ನು ಒಂದು ಬಣ್ಣದಲ್ಲೂ ಕೇಳಿದ್ದನ್ನು ಇನ್ನೊಂದು ಬಣ್ಣದಲ್ಲೂ ಬರೆಯುತ್ತೇನೆ. ಹೆಸರು ಈಗ ಮೊದಲನೆಯ ಬಣ್ಣದಲ್ಲಿದೆ. ತವರೂರು ಎರಡನೆಯದರಲ್ಲಿದೆ. ಆ ಮನೆತನದವರನ್ನು ಕಂಡು, ಅವರ ಮನೆಗೆ ಬರುವ ಹೆಳವರನ್ನೂ ವಿಚಾರಿಸಿದ ಮೇಲೆ ಅದನ್ನು ತಿದ್ದುತ್ತೇನೆ.

ಒಂದು ವಾರದಲ್ಲಿ ಇಷ್ಟಾಯಿತು. ಗಂಡ ಸತ್ತ ಮೇಲೆ ಭೂಮಿ ಉಳಿಸಿದವಳು ಆಕೆ. ಪಹಣಿಯಲ್ಲಿರುವುದು ಆಕೆಯ ಮಕ್ಕಳು, ಮೊಮ್ಮಕ್ಕಳ ಹೆಸರು. ಆಕೆ ಇಲ್ಲದಿದ್ದರೆ ಆ ಸರ್ವೆ ನಂಬರು ಬೇರೆಯವರ ಪಹಣಿಯಲ್ಲಿ ಇರುತ್ತಿತ್ತು.

ಕೊನೆಯದಾಗಿ ಇವತ್ತಿನ ಕಾಗದದ ವಿಷಯ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಆದರೂ ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಕೊಟ್ಟ ಹೆಣ್ಣು, ಅವಳ ಹೆಸರು ಯಾಕೆ ಎನ್ನುತ್ತಾರೆ. ಇದು ಕಾನೂನಿಗೂ ತಪ್ಪು, ಚರಿತ್ರೆಗೂ ತಪ್ಪು. ನೂರು ವರ್ಷದ ಮೇಲೆ ನಿಮ್ಮ ಮನೆಯ ಮಗುವೊಂದು ಹುಡುಕಿಕೊಂಡು ಬಂದರೆ ಅದರ ಕೈಗೆ ಸಿಗುವುದು ಆ ವಂಶವೃಕ್ಷವೇ.

ಆದ್ದರಿಂದ ಕೇಳುಗರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮನೆಯ ವಂಶವೃಕ್ಷ ಬರೆಸುವ ದಿನ ಹೆಣ್ಣುಮಕ್ಕಳ ಹೆಸರನ್ನು ಪೂರ್ತಿಯಾಗಿ ಬರೆಸಿ. ಸೊಸೆಯಂದಿರ ಹೆಸರಿನ ಮುಂದೆ ತವರೂರನ್ನೂ ತಾಲ್ಲೂಕನ್ನೂ ಬರೆಸಿ. ಮುಂದಿನ ಸುಗ್ಗಿಗೆ ಹೆಳವರು ಬಾಗಿಲಿಗೆ ಬಂದಾಗ ಅವರನ್ನು ಜಗಲಿಯಲ್ಲಿ ಕೂರಿಸಿ, ಮನೆಯ ಹೆಂಗಸರನ್ನು ಕರೆದು, ಅವರವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಬರೆಸಿ.